ಊಂ ಅನ್ನುವವರು ಬೇಕು

ಶಶಿಧರ್ ಸರ್ ಫೋನು ಮಾಡಿದಾಗ ನಾನು ಒಬ್ಬ ಅಜ್ಜನ ಖಾತೆ ಬದಲಾವಣೆಯ ಅರ್ಜಿ ಟೈಪು ಮಾಡುತ್ತಿದ್ದೆ. "ಅರುಂಧತಿಯವರೇ, ನಿಮ್ಮ ಬರಹ ಆಯ್ಕೆಯಾಗಿದೆ" ಅಂದರು. ಬೆರಳು ಕೀಲಿಯ ಮೇಲೇ ಮರೆತುಹೋಗಿ ಪರದೆಯಲ್ಲಿ 'ನಮ್ಮ ತಂದೆಯವರಾದದದದದದ' ಎಂದು ಒಂದು ಸಾಲು ಪೂರ್ತಿ ದ ಓಡಿತು. ಎದುರಿಗೆ ಕೂತಿದ್ದ ಅಜ್ಜ ಕನ್ನಡಕ ಸರಿ ಮಾಡಿಕೊಂಡು, "ನಮ್ಮಪ್ಪನ ಎಸ್ರು ಅಷ್ಟುದ್ದ ಇಲ್ಲ ಕಣವ್ವ" ಅಂದ.

ಮಳವಳ್ಳಿ ತಾಲ್ಲೂಕು ಕಚೇರಿಯ ಎದುರಿಗೆ ನನ್ನ ಝೆರಾಕ್ಸ್ ಅಂಗಡಿ. ಊರವರ ಕಷ್ಟವನ್ನೆಲ್ಲ 'ಮಾನ್ಯರೇ' ಎಂದು ಶುರು ಮಾಡಿ 'ವಂದನೆಗಳೊಂದಿಗೆ' ಎಂದು ಮುಗಿಸುವುದು ನನ್ನ ಕಸುಬು. ಅದರ ನಡುವೆ ಕತೆ ಬರೆಯುವ ಹುಚ್ಚು. ಒಬ್ಬ ಗಿರಾಕಿ ಎದ್ದು ಇನ್ನೊಬ್ಬ ಬಂದು ಕೂರುವಷ್ಟರಲ್ಲಿ ಎಷ್ಟು ಹಿಡಿಯುತ್ತದೋ ಅಷ್ಟೇ ನನ್ನ ಕತೆಯ ಉದ್ದ. ಕೆಟ್ಟುಹೋದ ಝೆರಾಕ್ಸ್ ಹಾಳೆಗಳ ಬೆನ್ನ ಮೇಲೆ ಎರಡು ಸಾಲು, ಮೂರು ಸಾಲು. ಕತೆ ಎಂದರೆ ಅಷ್ಟು ಚಿಕ್ಕದಿರುತ್ತದೆಯೇ ಎಂದು ಕೇಳುವವರಿಗೆ ನಾನು ಉತ್ತರ ಕೊಡುವುದಿಲ್ಲ, ಕೋಪ ಬರುತ್ತದೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಗಂಡ ಅಶೋಕ್ ಕಂಡಕಂಡವರ ಹತ್ತಿರ ಹೇಳಿಕೊಂಡು ತಿರುಗುತ್ತಾನೆ. ಅವನು ಕರೆಂಟ್ ಆಫೀಸಿನಲ್ಲಿ ಲೈನ್‌ಮನ್. ದಿನವೂ ಕರೆಂಟು ಮುಟ್ಟುವವನಿಗೆ ನನ್ನ ಕೋಪ ಒಂದು ಲೆಕ್ಕವಲ್ಲ.

ಆ ಕೇಳುವವರಲ್ಲಿ ಮೊದಲನೆಯವರು ನಮ್ಮತ್ತೆ, ಅಶೋಕನ ತಾಯಿ, ಮರಿತಾಯಮ್ಮ. ಅರವತ್ತೆಂಟು ವರ್ಷ. ಗದ್ದೆ, ಕೋಳಿ, ಬಾಯಿ, ಈ ಮೂರನ್ನೂ ಒಂದೇ ಹದದಲ್ಲಿ ಇಟ್ಟುಕೊಂಡಿರುವ ಹೆಂಗಸು. ಅಕ್ಷರ ಬರುವುದಿಲ್ಲ. ಎರಡು ವರ್ಷದ ಹಿಂದೆ ಒಂದು ಸಂಜೆ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ, ಯಾರೂ ಸಿಗದೆ, ಅವರಿಗೆ ನನ್ನದೊಂದು ಕತೆ ಓದಿದೆ. ಕತೆ ಇಷ್ಟೇ: 'ಅಣ್ಣನ ಮರಣ ಪ್ರಮಾಣಪತ್ರಕ್ಕೆ ಅರ್ಜಿ ಕೊಡಲು ಬಂದ ತಮ್ಮ, ಸಹಿಯ ಜಾಗದಲ್ಲಿ ಅಣ್ಣನ ಸಹಿಯನ್ನೇ ಹಾಕಿ, ಕೆನ್ನೆ ಒರೆಸಿಕೊಂಡು ಹೋದ.'

"ಆಮೇಕೆ?" ಅಂದರು ಅತ್ತೆ.

"ಅಷ್ಟೇ ಅತ್ತೆ."

"ಅಷ್ಟೇಯ? ಸುರುವಾಗೋಕ್ ಮುಂಚೆನೇ ಮುಗ್ದೋಯ್ತಲ್ಲಮ್ಮಿ. ಮನ್ಗೋಗಿ ಅವನು ಉಂಡ್ನಾ ಇಲ್ವಾ?"

ನಾನು ಸಿಡುಕಿದೆ. ಇದು ಹೊಸ ಬಗೆಯ ಕತೆ, ಇದರಲ್ಲಿ ಉಣ್ಣುವುದು ಗಿಣ್ಣುವುದು ಬರುವುದಿಲ್ಲ ಅಂದೆ. ಅತ್ತೆ ಇನ್ನೊಂದು ಹಿಡಿ ಕಾಯಿ ಸುಲಿದರು. ಆಮೇಲೆ ತಮ್ಮ ಪಾಡಿಗೆ, "ಮನ್ಗೋಗಿ ಎಲ್ಡು ತಟ್ಟೆ ಆಕ್ಕಂಡು ಕುಂತ್ಕಂಡ" ಅಂದರು. ಅಷ್ಟೇ.  ನಾನು ಒಂದು ತಿಂಗಳಿಂದ ತಿದ್ದಿ ತೀಡಿ ಇಟ್ಟುಕೊಂಡಿದ್ದ ಕತೆಗೆ ಅವರು ಕಾಯಿ ಸುಲಿಯುತ್ತಾ ಕೊನೆ ಕೊಟ್ಟಿದ್ದರು, ಮತ್ತು ಆ ಕೊನೆಯ ಮುಂದೆ ನನ್ನ ಸಾಲು ಸಪ್ಪೆಯಾಗಿತ್ತು.

ಅಲ್ಲಿಂದ ಶುರುವಾಯಿತು. ನನ್ನದೊಂದು ವಾಕ್ಯ, ಅವರದೊಂದು ವಾಕ್ಯ. ದಿನವೂ ಸಂಜೆ ಅಂಗಡಿ ಮುಚ್ಚಿ ಮನೆಗೆ ಓಡಿ ಬರುವುದೇ ಅದಕ್ಕೆ ಎಂಬಂತಾಯಿತು. ಅವರು ಹೇಳಿದ್ದನ್ನು ಫೋನಿನಲ್ಲಿ ರೆಕಾರ್ಡು ಮಾಡಿಕೊಂಡು ಮರುದಿನ ಅಂಗಡಿಯಲ್ಲಿ ಟೈಪು ಮಾಡುತ್ತಿದ್ದೆ.

ಅತ್ತೆಯ ಹತ್ತಿರ ಒಂದು ಕಟ್ಟುನಿಟ್ಟು ಇತ್ತು. ಅರ್ಧ ವಾಕ್ಯ ಹೇಳಿ ನಿಲ್ಲಿಸುತ್ತಾರೆ. ಕೇಳುವವರು 'ಊಂ' ಅನ್ನಬೇಕು. ಊಂ ಬಿದ್ದರೆ ಉಳಿದರ್ಧ, ಬೀಳದಿದ್ದರೆ ಇಲ್ಲ. ಅವರ ಅವ್ವ ಹಾಗೇ ಹೇಳುತ್ತಿದ್ದರಂತೆ, ಅವರ ಅಜ್ಜಿಯೂ ಹಾಗೇ. ಊಂಗುಟ್ಟುವವರು ಇಲ್ಲದೆ ಕತೆ ಹೇಳಿದರೆ ಅದು ಗೋಡೆಗೆ ಹೇಳಿದ ಹಾಗೆ. ಒಮ್ಮೆ ಅಶೋಕ್ ಚಿಕ್ಕವನಿದ್ದಾಗ ರಾಜಕುಮಾರನೊಬ್ಬ ಬಾವಿಗೆ ಇಳಿಯುವ ಹೊತ್ತಿನಲ್ಲಿ ನಿದ್ದೆ ಹೋಗಿ ಊಂ ತಪ್ಪಿಸಿದನಂತೆ. ಮೂರು ದಿನ ಆ ರಾಜಕುಮಾರ ಬಾವಿಯ ಹಗ್ಗದಲ್ಲೇ ನೇತಾಡಿದ. ನಾನು ಊಂ ಅನ್ನುವುದು ಎಷ್ಟು ಅಭ್ಯಾಸವಾಗಿ ಹೋಗಿತ್ತೆಂದರೆ, ಅನ್ನುತ್ತಿದ್ದೇನೆ ಎಂಬುದೇ ನನಗೆ ಗೊತ್ತಿರುತ್ತಿರಲಿಲ್ಲ. ರೆಕಾರ್ಡು ಕೇಳಿ ಟೈಪು ಮಾಡುವಾಗ ಆ ಊಂಗಳನ್ನೆಲ್ಲ ಬಿಟ್ಟುಬಿಡುತ್ತಿದ್ದೆ. ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದೇನೆ ಅಂದುಕೊಂಡಿದ್ದೆ.

ಮಂಡ್ಯದಲ್ಲಿ 'ಒಂದೇ ಪುಟ' ಎಂಬ ಓದುಗರ ಬಳಗವಿದೆ. ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಸೇರಿ, ಒಬ್ಬರಿಗಿಂತ ಹೆಚ್ಚು ಜನ ಕೂಡಿ ಬರೆದ ಗದ್ಯಕವಿತೆಗಳನ್ನೂ ಅಂಗೈಯಗಲದ ಕತೆಗಳನ್ನೂ ಗಟ್ಟಿಯಾಗಿ ಓದುತ್ತಾರೆ. ನನಗೆ ತಿಳಿದಿದ್ದ ನಿಯಮ ಎರಡೇ: ಪುಟ ಮೀರಬಾರದು, ಒಬ್ಬರೇ ಬರೆದಿರಬಾರದು. ಈ ವರ್ಷ ಆಯ್ದ ಬರಹಗಳನ್ನು ಪುಸ್ತಕ ಮಾಡುತ್ತಾರೆಂದು ತಿಳಿದು ನಾನು ನಮ್ಮಿಬ್ಬರ 'ಬಾಗಿಲು' ಎಂಬ ಬರಹ ಕಳಿಸಿದ್ದೆ. ಬಂದ ಫೋನು ಅದರದ್ದು. ಶಶಿಧರ್ ಸರ್ ಆ ಬಳಗ ನಡೆಸುವವರು, ಕಾಲೇಜು ಮೇಷ್ಟ್ರು.

"ಆದರೆ ಒಂದು ವಿಷಯ" ಅಂದರು ಅವರು. "ನಿಮ್ಮ ಹೆಸರಿನ ಜೊತೆ ಮರಿತಾಯಮ್ಮ ಎಂದಿದೆ. ಅವರು ಏನು ಮಾಡ್ತಾರೆ?"

"ನಮ್ಮತ್ತೆ ಸರ್. ಗದ್ದೆ ಕೆಲಸ."

"ಓದು ಬರಹ?"

"ಬರಲ್ಲ."

ಆ ಕಡೆ ಹಾಳೆ ಮಗುಚಿದ ಸದ್ದು. ಆಮೇಲೆ, "ಹಾಗಾದ್ರೆ 'ಪ್ರೇರಣೆ: ಮರಿತಾಯಮ್ಮ' ಅಂತ ಕೆಳಗೆ ಹಾಕೋಣವಾ?"

ನನಗೆ ಎಲ್ಲಿತ್ತೋ ಸಿಟ್ಟು. "ಎಂಟು ವಾಕ್ಯದಲ್ಲಿ ನಾಲ್ಕು ಅವರದು ಸರ್. ನಿಮಗೆ ಇಷ್ಟ ಆಗಿದ್ದು ಯಾವ ನಾಲ್ಕು ಅಂತ ಹೇಳಿ, ಅವು ಯಾರದು ಅಂತ ನಾನು ಹೇಳ್ತೀನಿ. ಅಡುಗೆ ಮಾಡಿದವರನ್ನ ಬಿಟ್ಟು ಬಡಿಸಿದವಳ ಹೆಸರು ಹಾಕ್ತೀರಾ? ಹಾಕಿದ್ರೆ ಇಬ್ಬರ ಹೆಸರೂ ಒಂದೇ ಸಾಲಿನಲ್ಲಿ ಹಾಕಿ. ಇಲ್ಲದಿದ್ರೆ ಬರಹವೇ ಬೇಡ."

ಅವರು ಕೆಟ್ಟವರಲ್ಲ, ಪಾಪ. ಕಳೆದ ವರ್ಷ ಮದ್ದೂರಿನವರೊಬ್ಬರು ಇಬ್ಬರು ಬರೆಯಬೇಕೆಂಬ ನಿಯಮಕ್ಕಾಗಿ ಹೆಂಡತಿಯ ಹೆಸರು ಸೇರಿಸಿ ಕಳಿಸಿದ್ದರಂತೆ. ಆಕೆಯನ್ನು ವೇದಿಕೆಗೆ ಕರೆದರೆ, "ನಾನು ಇವರ ಊಟದ ಡಬ್ಬಿ ಕೊಡೋಕೆ ಬಂದೆ" ಎಂದು ಅಂದರಂತೆ. ಅಂದಿನಿಂದ ಬಳಗದಲ್ಲಿ ಮೂರನೆಯ ನಿಯಮ ಹುಟ್ಟಿತಂತೆ. ಬರೆದವರೆಲ್ಲ ಬಂದು ಅವರವರ ಸಾಲನ್ನು ಅವರವರೇ ಹೇಳಬೇಕು. ಒಬ್ಬರು ಹೇಳುವಾಗ ಜೊತೆಯವರು ತುಟಿ ಪಿಟಕ್ಕೆನ್ನಬಾರದು. ಸದ್ದು ಮಾಡಿದರೆ ಹೇಳಿಕೊಟ್ಟಂತೆ ಲೆಕ್ಕ.

"ಬರ್ತೀವಿ" ಅಂದೆ. ಫೋನು ಇಟ್ಟ ಮೇಲೆ ಮಾಡಿದ್ದೇನೆಂದು ಹೊಳೆಯಿತು. ಕೋಪದಲ್ಲಿ ಬರಹವನ್ನೇ ಪಣಕ್ಕಿಟ್ಟಿದ್ದೆ. ಅತ್ತೆ ಅಲ್ಲಿ ತಡವರಿಸಿದರೆ ಇಬ್ಬರ ಹೆಸರೂ ಹೋಯಿತು.

ಅತ್ತೆಗೆ ಹೇಳಿದಾಗ ಅವರು ಕೇಳಿದ್ದು ಒಂದೇ. "ನನ್ನೆಸ್ರು ಬುಕ್ಕಲ್ಲಿ ಬತ್ತದಾ?"

"ಬರಬೇಕು ಅಂತಲೇ ಹೋಗ್ತಿರೋದು."

"ರೇಸನ್ ಕಾರ್ಡಲ್ಲಿ ಬಂದದೆ, ಓಟಿನ ಲಿಸ್ಟಲ್ಲಿ ಬಂದದೆ. ಏನೋ ಏಳುದ್ಲು ಅಂತ ಎಲ್ಲೂ ಬಂದಿಲ್ಲ" ಅಂದರು. ಅಂದು ಸಂಜೆಯೇ ಪಕ್ಕದ ಮನೆಯ ಬೆಟ್ಟಮ್ಮನಿಗೆ ಸುದ್ದಿ ಮುಟ್ಟಿತು, ಮರುದಿನ ಬೆಳಿಗ್ಗೆ ಹಾಲಿನ ಡೈರಿಗೆ. ಪೆಟ್ಟಿಗೆಯಿಂದ ನೀಲಿ ಸೀರೆ ಹೊರಗೆ ಬಂದು ಹಗ್ಗದ ಮೇಲೆ ಬಿಸಿಲು ಕಾಯಿಸಿಕೊಂಡಿತು.

ಹತ್ತು ದಿನ ಅಭ್ಯಾಸ ಮಾಡಿದೆವು. ಅಶೋಕ್ ಊಟಕ್ಕೆ ಕೂತಾಗ ಅವನ ಮುಂದೆ ನಿಂತು ಹೇಳುವುದು. ನಿಯಮದ ಪ್ರಕಾರ ನಾನು ತುಟಿ ಬಿಗಿ ಹಿಡಿದು ನಿಲ್ಲುತ್ತಿದ್ದೆ. ಅತ್ತೆ ಒಂದು ಸಲವೂ ತಪ್ಪಲಿಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಸಾಲು ಸಾಲೂ ಬಂತು. ನಾನು ಹಿರಿಹಿರಿ ಹಿಗ್ಗಿದೆ. ಮುದ್ದೆ ಮುರಿಯುತ್ತಾ ಅಶೋಕ್ ಏನು ಮಾಡುತ್ತಿದ್ದಾನೆ ಎಂಬುದರ ಕಡೆ ನನ್ನ ಗಮನವೇ ಇರಲಿಲ್ಲ. ಅವನು ಮರಿತಾಯಮ್ಮನ ಮಗ. ತಾಯಿ ಅರ್ಧ ಹೇಳಿ ನಿಲ್ಲಿಸಿದಲ್ಲೆಲ್ಲ, ಬಾಯಲ್ಲಿ ತುತ್ತು ಇದ್ದರೂ, ಅವನು ಊಂ ಅನ್ನುತ್ತಿದ್ದ.

ಆ ಭಾನುವಾರ ಅಶೋಕನೂ ಬರುವುದೆಂದಿತ್ತು. ಹಿಂದಿನ ದಿನ ಗಾಳಿ ಎದ್ದು ಕಿರುಗಾವಲು ಕಡೆ ಕಂಬಗಳು ಉರುಳಿದವು. ಬೆಳಿಗ್ಗೆ ಆರಕ್ಕೇ ಅವನನ್ನು ಕರೆಸಿಕೊಂಡರು. "ನೀವಿಬ್ರೂ ಗೆದ್ದು ಬನ್ನಿ, ನಾನು ಲೈನು ಎಳ್ದು ಬತ್ತೀನಿ" ಎಂದು ಬೈಕು ಹತ್ತಿದ.

ನಾವಿಬ್ಬರೂ ಎಂಟರ ಬಸ್ಸು ಹಿಡಿದೆವು. ಕೆ.ಎಂ. ದೊಡ್ಡಿ ದಾಟುವವರೆಗೂ ಅತ್ತೆ ತಮ್ಮ ಸಾಲುಗಳನ್ನು ಪಕ್ಕದ ಸೀಟಿನ ಹೆಂಗಸಿಗೆ ಹೇಳಿದರು. ಆಕೆ ಮಡಿಲಲ್ಲಿ ಕುಂಬಳಕಾಯಿ ಇಟ್ಟುಕೊಂಡು ಊಂ ಊಂ ಎನ್ನುತ್ತಾ ಕೇಳಿ, ಇಳಿಯುವಾಗ "ಆ ಕೈ ನಿಂದೇಯ? ಅಯ್ಯೋ ಸಿವನೇ" ಎಂದು ಇಳಿದಳು. ಮದ್ದೂರಿನಲ್ಲಿ ಬಸ್ಸು ಬದಲಾಯಿಸಿ ಮಂಡ್ಯ ಸೇರಿದಾಗ ಹತ್ತೂಕಾಲು.   ಓಡಬೇಕು ಅನ್ನಿಸುತ್ತಿತ್ತು, ಓಡಿದೆ ಕೂಡ. ಅತ್ತೆ ಹಿಂದಿನಿಂದ, "ನಿಧಾನಕ್ಕೆ ನಡಿಯಮ್ಮಿ, ಬುಕ್ಕು ಎಲ್ಲೂ ಓಡೋಗಾಕಿಲ್ಲ" ಎನ್ನುತ್ತಾ ಬಂದರು.

ಬಳಗದವರು ಸೇರುವ ಹಾಲು ಮಹಡಿಯ ಮೇಲಿತ್ತು. ಮೆಟ್ಟಿಲ ಹತ್ತಿರ ಕಾವಲಿನ ಕೆಂಪಸಿದ್ದಯ್ಯ ಸ್ಟೂಲು ಹಾಕಿಕೊಂಡು ಕೂತಿದ್ದ, ವೈದ್ಯನಾಥಪುರದ ಕಡೆಯ ಮುದುಕ. ಅತ್ತೆ ಏದುಸಿರು ಬಿಡುತ್ತಾ ಮೆಟ್ಟಿಲ ಮೇಲೆ ಕೂತಾಗ ನೀರು ತಂದುಕೊಟ್ಟ.

"ಯಾವೂರವ್ವ?"

"ಮಳವಳ್ಳಿ. ಕತೆ ಏಳಕ್ ಬಂದಿವ್ನಿ."

"ಇಲ್ಲಿ ಓದ್ತಾರೆ ಕಣವ್ವ, ಏಳಾಕಿಲ್ಲ. ನಾನೂ ಬಾಗ್ಲಲ್ಲಿ ನಿಂತ್ಕಂಡು ತಿಂಗ್ಳು ತಿಂಗ್ಳೂ ಕೇಳ್ತೀನಿ. ಕೆಮ್ಮು ಬಂದ್ರೂ ಈಚೆ ಬಂದು ಕೆಮ್ಬೇಕು, ಅಷ್ಟು ಸೈಲೆಂಟು."

ನಾನು ನಕ್ಕು ಒಳಗೆ ಹೋದೆ. ಆ ಮಾತನ್ನು ಅಲ್ಲೇ ಹಿಡಿದುಕೊಳ್ಳಬೇಕಿತ್ತು.

ಒಳಗೆ ಐವತ್ತು ಅರವತ್ತು ಜನ. ನಮಗಿಂತ ಮೊದಲು ಚಂದನ, ಅರ್ಪಿತ ಎಂಬ ಇಬ್ಬರು ಹುಡುಗಿಯರು ಓದಿದರು. ಯಲಿಯೂರಿನಿಂದ ದಿನವೂ ರೈಲಿನಲ್ಲಿ ಮೈಸೂರಿಗೆ ಕಾಲೇಜಿಗೆ ಹೋಗುವವರಂತೆ. ಒಂದೊಂದು ಸ್ಟೇಷನ್ನಿಗೆ ಒಂದೊಂದು ವಾಕ್ಯದಂತೆ ಒಂದು ಗದ್ಯಕವಿತೆ ಬರೆದಿದ್ದರು. 'ನೀನು ರೈಲಿನಲ್ಲಿ ಮರೆತ ಕೊಡೆ ನನಗೆ ಗೊತ್ತಿಲ್ಲದ ಊರಿನಲ್ಲಿ ಯಾರದೋ ಮಳೆಯನ್ನು ತಡೆಯುತ್ತಿದೆ' ಎಂದು ಒಬ್ಬಳು, 'ನಿನ್ನ ತಲೆ ಮಾತ್ರ ಇಲ್ಲಿ ನನ್ನ ಪಕ್ಕ ನೆನೆಯುತ್ತಿದೆ' ಎಂದು ಇನ್ನೊಬ್ಬಳು. ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಇಂಥದ್ದನ್ನು ಬರೆಯುವವರು ಮಳವಳ್ಳಿಯ ಝೆರಾಕ್ಸ್ ಅಂಗಡಿಯ ಆಚೆಗೂ ಇದ್ದಾರೆ, ಇಷ್ಟು ಹತ್ತಿರ ಇದ್ದಾರೆ, ನಾನು ಇಷ್ಟು ದಿನ ಒಬ್ಬಳೇ ಅಂದುಕೊಂಡಿದ್ದೆನಲ್ಲ. ಜನ ಗಲ್ಲಕ್ಕೆ ಕೈ ಕೊಟ್ಟು, ಕೆಲವರು ಕಣ್ಣು ಮುಚ್ಚಿ, ಉಸಿರು ಬಿಡುವುದೂ ಕೇಳದ ಹಾಗೆ ಕೂತಿದ್ದರು. ಎಷ್ಟು ಚೆನ್ನಾಗಿ ಕೇಳುತ್ತಾರೆ ಅಂದುಕೊಂಡೆ.

ನಮ್ಮ ಹೆಸರು ಕರೆದರು. ಶಶಿಧರ್ ಸರ್ ಮುಂದಿನ ಸಾಲಿನಲ್ಲಿ ನಮ್ಮ ಪುಟ ಹಿಡಿದು ಪೆನ್ನು ತೆರೆದು ಕೂತರು. ನಾನು ಮೊದಲ ಸಾಲು ಓದಿದೆ.

"ಹಳೆಯ ಮನೆ ಕೆಡವಿದ ಮೇಲೆ ಬಾಗಿಲೊಂದು ಉಳಿಯಿತು."

ಇದು ನಮ್ಮ ಮನೆಯದೇ ಬಾಗಿಲು. ಹೆಂಚಿನ ಮನೆ ಕೆಡವಿ ಆರ್‌ಸಿಸಿ ಕಟ್ಟಿದಾಗ ಅತ್ತೆ ಅದನ್ನು ಮಾರಲು ಬಿಡಲಿಲ್ಲ.

ಅತ್ತೆ ಮೈಕಿನ ಮುಂದೆ ಬಂದು ಸೆರಗು ಸರಿ ಮಾಡಿಕೊಂಡು, ಗಟ್ಟಿ ದನಿಯಲ್ಲಿ, "ಅದ್ನ ಮಾವಿನ ಮರಕ್ಕೆ ಒರಗಿಸುದ್ರು" ಅಂದರು.

ಅಂದು ನಿಲ್ಲಿಸಿದರು.

ಹಾಲು ನಿಶ್ಶಬ್ದ. ಫ್ಯಾನು ತಿರುಗುವುದು ಕೇಳಿಸಿತು. ಅತ್ತೆ ಜನರನ್ನು ನೋಡಿದರು, ಜನ ಅತ್ತೆಯನ್ನು ನೋಡಿದರು. ಮುಂದಿನ ಸಾಲಿನ ಹೆಂಗಸೊಬ್ಬರು ಅಯ್ಯೋ ಪಾಪ ಎಂಬಂತೆ ಮುಖ ಮಾಡಿದರು. ಮರೆತರು ಅಂದುಕೊಂಡರು ಎಲ್ಲರೂ. ತನ್ನ ಯಾವ ಕೋಳಿ ಯಾವ ಹಬ್ಬದಲ್ಲಿ ಕಾವಿಗೆ ಕೂತಿತ್ತೆಂದು ನೆನಪಿಟ್ಟುಕೊಂಡಿರುವ ಹೆಂಗಸು, ನಾಲ್ಕು ಸಾಲು ಮರೆಯುವುದುಂಟೇ. ಅತ್ತೆ ನನ್ನ ಕಡೆ ತಿರುಗಿದರು. ಆ ಕಣ್ಣು ನೋಡಿದ ಕೂಡಲೇ ನನಗೆ ಎಲ್ಲ ಹೊಳೆಯಿತು. ಅಶೋಕನ ಮುದ್ದೆ, ಅಶೋಕನ ಊಂ, ನಾನು ಆರಿಸಿ ಆರಿಸಿ ಎಸೆದ ಕಲ್ಲುಗಳು.

ಊಂ ಎಂಬುದು ನನ್ನ ಗಂಟಲವರೆಗೆ ಬಂತು. ಶಶಿಧರ್ ಸರ್ ಪೆನ್ನಿದ್ದ ಕೈಯನ್ನು ಸ್ವಲ್ಪ ಎತ್ತಿ, ಬೇಡ ಎಂಬಂತೆ ಆಡಿಸಿದರು. ನುಂಗಿಕೊಂಡೆ. ಅಂದರೂ ಹೋಯಿತು, ಅನ್ನದಿದ್ದರೂ ಹೋಯಿತು. ಹತ್ತು ದಿನ ನಾನೇ ಮುಂದೆ ನಿಂತು ಅಭ್ಯಾಸ ಮಾಡಿಸಿದ್ದೆ, ಅದೂ ಇಷ್ಟು ಮುಖ್ಯವಾದದ್ದನ್ನು ಬಿಟ್ಟು. ನನ್ನ ಮೇಲೆ ನನಗೇ ಬಂದ ಸಿಟ್ಟಿಗೆ ಕಣ್ಣಲ್ಲಿ ನೀರು ತುಂಬಿತು.

"ಯಾರೂ ಕೇಳ್ತಿಲ್ಲ ಕಣಮ್ಮಿ" ಅಂದರು ಅತ್ತೆ, ಮೈಕಿನಲ್ಲೇ, ಮೆಲ್ಲಗೆ. "ನಡಿ, ಮನ್ಗೋಗವ." ಸೆರಗು ಕಟ್ಟಿಕೊಂಡು ವೇದಿಕೆಯ ಮೆಟ್ಟಿಲ ಕಡೆ ಒಂದು ಹೆಜ್ಜೆ ಇಟ್ಟರು.

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಮೈಕು ಎಳೆದುಕೊಂಡು ಜನರ ಮೇಲೇ ಹರಿಹಾಯ್ದೆ. "ಅವರು ಮರೆತಿಲ್ಲ. ನೀವು ಕೇಳ್ತಿದ್ದೀರೋ ಇಲ್ಲವೋ ಅಂತ ಅವರಿಗೆ ಹೆಂಗೆ ಗೊತ್ತಾಗಬೇಕು? ನಮ್ಮ ಮನೇಲಿ ಊಂ ಅನ್ನದೆ ಕತೆ ನಡೆಯಲ್ಲ. ನಾನು ಅನ್ನಂಗಿಲ್ಲ, ನಿಮ್ಮ ನಿಯಮ. ನಿಮ್ಮಲ್ಲಿ ಯಾರಾದ್ರೂ ಒಬ್ಬರು ಅನ್ನಿ. ಒಂದು ಊಂ ಅನ್ನೋಕೆ ಏನು ಕಷ್ಟ?"

ಯಾರೂ ಅನ್ನಲಿಲ್ಲ. ಅರವತ್ತು ಜನ ಓದಿದವರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಪ್ಪು ಅವರದಲ್ಲ, ಸುಮ್ಮನಿರುವುದೇ ಮರ್ಯಾದೆ ಎಂದು ಕಲಿತವರು. ನಾನು ಕೆಟ್ಟೆ ಅಂದುಕೊಂಡೆ. ಅಷ್ಟರಲ್ಲಿ ಬಾಗಿಲ ಹತ್ತಿರದಿಂದ ಒಂದು ಒಡಕು ದನಿ.

"ಊಂ. ಏಳವ್ವ."

ಕೆಂಪಸಿದ್ದಯ್ಯ. ಬಾಗಿಲ ಚೌಕಟ್ಟಿಗೆ ಒರಗಿ, ಕೈ ಕಟ್ಟಿಕೊಂಡು ನಿಂತಿದ್ದ.

ಅತ್ತೆ ಇಟ್ಟ ಹೆಜ್ಜೆ ಹಿಂದಕ್ಕೆ ತೆಗೆದರು. ಆ ಮುದುಕನ ಕಡೆ ನೋಡಿಯೇ ಹೇಳಿದರು, "ಮರಕ್ಕೊಂದು ಮನೆ ಬಂತು."

ಯಾರೋ ಆಹಾ ಅಂದರು. ನನ್ನ ಹೊಟ್ಟೆಗೆ ಹಾಲು ಹುಯ್ದಂತಾಯಿತು. ಪುಟ ಹಿಡಿದು ಮುಂದಿನದನ್ನು ಓದಿದೆ. "ಈಗ ಯಾವುದು ಒಳಗೆ, ಯಾವುದು ಹೊರಗೆ ಎಂದು ಯಾರಿಗೂ ತಿಳಿಯದು."

"ಕೋಳಿಗೆ ಗೊತ್ತು" ಅಂದರು ಅತ್ತೆ.

ಈ ಸಲ ನಾಲ್ಕೈದು ಊಂ. ಒಂದು ಚಂದನಳದು, ಒಂದು ಅರ್ಪಿತಳದು.

"ಅದು ಒರಗೆ ಮೇಯ್ತದೆ, ಒಳಗೆ ಮೊಟ್ಟೆ ಇಕ್ತದೆ."

ಹಾಲು ನಕ್ಕಿತು. ಗಲ್ಲದ ಕೈಗಳು ಕೆಳಗಿಳಿದವು, ಮುಚ್ಚಿದ ಕಣ್ಣುಗಳು ತೆರೆದವು.

"ಒಂದು ಮಧ್ಯಾಹ್ನ ಯಾರೋ ಆ ಬಾಗಿಲು ತಟ್ಟಿದರು" ಎಂದು ನಾನು.

"ನಾನು ಅಂಗಳದಲ್ಲಿ ನಿಂತ್ಕಂಡೇ" ಎಂದು ಅತ್ತೆ.

"ಊಂ" ಎಂದು ಅರ್ಧ ಹಾಲು.

"ಯಾರು ಅಂದೆ."

"ತಟ್ಟುವ ಸದ್ದು ನಿಲ್ಲಲಿಲ್ಲ."

"ತಟ್ತಿದ್ದದ್ದು ನನ್ ಕೈಯೇ."

"ಊಂ." ಈಗ ಎಲ್ಲರೂ. ಮುಂದಿನ ಸಾಲಿನಲ್ಲಿ ಶಶಿಧರ್ ಸರ್ ತುಟಿಯೂ ಅಲ್ಲಾಡಿತು. ಪೆನ್ನು ಕೈಯಲ್ಲೇ ಇತ್ತು, ಪುಟದ ಕಡೆ ಅವರು ನೋಡುತ್ತಲೇ ಇರಲಿಲ್ಲ.

"ಆ ಮನ್ಗೆ ಬಂದ ಮೊದಲ್ನೇ ದಿನದ್ದು."

ಅಲ್ಲಿಗೆ ನಮ್ಮ ಬರಹ ಮುಗಿಯಿತು. ಪುಟದಲ್ಲಿ ಅದರ ಕೆಳಗೆ ಖಾಲಿ. ನಾನು ಕೈ ಮುಗಿಯಲು ಹೊರಟೆ. ಆದರೆ ಊಂ ಅನ್ನುವ ರುಚಿ ಹತ್ತಿದ ಜನ ಕೊನೆಯ ಸಾಲಿಗೂ ಒಕ್ಕೊರಲಿನಿಂದ "ಊಂ" ಅಂದುಬಿಟ್ಟರು.

ನಮ್ಮತ್ತೆಯ ಲೆಕ್ಕದಲ್ಲಿ ಊಂ ಅಂದ ಮೇಲೆ ಕತೆ ನಿಲ್ಲಿಸುವಂತಿಲ್ಲ. ಅವರು ಒಂದು ಕ್ಷಣ ಸೀರೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡರು. ಆಮೇಲೆ ಪುಟದಲ್ಲಿಲ್ಲದ, ನಾನು ಎಂದೂ ಕೇಳಿರದ ಮಾತು ಹೇಳಿದರು.

"ತಟ್ದೆ ನಿಂತ ಬಾಗ್ಲುಗಳೂ ಇದ್ದೋ."

"ಊಂ."

"ನಾವು ಬೀದೀಲಿ ನಿಂತ್ಕಂಡು ಕೂಗ್ತಿದ್ದೋ. ಮುಟ್ಟಂಗಿರ್ಲಿಲ್ಲ."

ಇಲ್ಲಿ ಊಂ ತೆಳುವಾಯಿತು. ಅಂಥ ಬಾಗಿಲುಗಳ ಒಳಗಡೆ ಹುಟ್ಟಿದವರು ಆ ಹಾಲಿನಲ್ಲಿ ಬಹಳ ಜನ ಇದ್ದರು. ಬಾಗಿಲ ಹತ್ತಿರದ ಊಂ ಮಾತ್ರ ಮೊದಲಿನಷ್ಟೇ ಸ್ಪಷ್ಟವಾಗಿ ಬಿತ್ತು. ಅತ್ತೆ ಅವಸರ ಮಾಡಲಿಲ್ಲ, ಕಾದರು. ಮುಂದಿನ ಸಾಲಿನಲ್ಲಿ ಶಶಿಧರ್ ಸರ್ ಗಂಟಲು ಸರಿಮಾಡಿಕೊಂಡು, ತಲೆ ತಗ್ಗಿಸಿ, "ಊಂ" ಅಂದರು. ಅವರ ಹಿಂದಿನಿಂದ ಉಳಿದವು ಬಂದವು. ತಡವಾಗಿ ಬಂದವು, ಆದರೆ ಬಂದವು.

ಈಗ ನನ್ನ ಸರದಿ. ನನ್ನ ಮುಂದೆ ಪುಟವಿಲ್ಲ, ತಿದ್ದಲು ತಿಂಗಳಿಲ್ಲ, ಎರಡು ಗಿರಾಕಿಗಳ ನಡುವಿನ ಬಿಡುವೂ ಇಲ್ಲ. ಅತ್ತೆ ನನ್ನನ್ನೇ ನೋಡುತ್ತಿದ್ದಾರೆ.  ಅಂಥ ಸಂತೋಷ ನನಗೆ ಅದಕ್ಕೆ ಮುಂಚೆ ಯಾವ ಬರಹದಲ್ಲೂ ಸಿಕ್ಕಿರಲಿಲ್ಲ. ಬಾಯಿ ತೆರೆದೆ, ಏನು ಬಂತೋ ಅದು.

"ಆ ಬಾಗಿಲುಗಳನ್ನೆಲ್ಲ ಕಿತ್ತು ತಂದು ನಮ್ಮ ಮಾವಿನ ಮರಕ್ಕೆ ಒರಗಿಸಿದ್ದರೆ, ಅತ್ತೆ, ಎಷ್ಟು ಮನೆ ಆಗುತ್ತಿತ್ತು?"

ಅತ್ತೆ ಸ್ವಲ್ಪವೂ ತಡಮಾಡಲಿಲ್ಲ. "ಮನೆ ಆಯ್ತಿರ್ಲಿಲ್ಲ ಕಣಮ್ಮಿ" ಅಂದರು.

"ಊಂ" ಎಂದು ಹಾಲೆಲ್ಲ ಮುಂದಕ್ಕೆ ಬಾಗಿತು.

"ಸೌದೆ ಆಯ್ತಿತ್ತು. ಊರಿಗೆಲ್ಲ ಒಂದೇ ಒಲೇಲಿ ಅನ್ನ ಬೇಯ್ಸಬೋದಿತ್ತು."

 ಆಮೇಲೆ ನಗು, ಚಪ್ಪಾಳೆ, ಕುರ್ಚಿಗಳ ಸದ್ದು ಎಲ್ಲ ಒಟ್ಟಿಗೆ. ಕೆಂಪಸಿದ್ದಯ್ಯ ಟವಲಿನಿಂದ ಮುಖ ಒರೆಸಿಕೊಂಡ. ಅರ್ಪಿತ ಎದ್ದು ನಿಂತು, "ಆಮೇಲೆ ಅಜ್ಜಿ?" ಎಂದು ಕೂಗಿದಳು.

"ಅಷ್ಟೇಯ" ಅಂದರು ಅತ್ತೆ. "ನಮ್ಮ ಸೊಸೆ ಕಲ್ಸವ್ಳೆ ಕಣಮ್ಮಿ, ಅಷ್ಟೇ ಅನ್ನೋದ."

ಇಳಿದು ಬಂದಾಗ ಶಶಿಧರ್ ಸರ್ ಎದುರಿಗೆ ಬಂದರು. "ಜೊತೆಯವರು ಸದ್ದು ಮಾಡಬಾರದು ಅಂತ ನಿಯಮ ಇತ್ತು" ಎಂದು ಶುರು ಮಾಡಿದರು. ನಾನು ಜಗಳಕ್ಕೆ ಸೆರಗು ಬಿಗಿದೆ. ಅವರು ಪುಟ ಮಡಚಿ ಜೇಬಿಗಿಟ್ಟುಕೊಂಡು, "ಮಾಡಿದ್ದು ನಾವು" ಅಂದರು. ಆಮೇಲೆ ಅತ್ತೆಗೆ ಕೈ ಮುಗಿದು, "ಇವತ್ತು ಹೇಳಿದ್ದನ್ನೂ ಸೇರಿಸಿ ಕಳಿಸಿಕೊಡಿ ಅಮ್ಮ, ನಿಮ್ಮ ಹೆಸರು ಮೊದಲು ಹಾಕ್ತೀವಿ" ಅಂದರು.

"ಅದೂ ಆಕಿ ಸಾರ್, ಆ ಊಂನೂವೆ" ಅಂದರು ಅತ್ತೆ. "ಅದಿಲ್ದೆ ಓದಿದೋರು ಬಿಕ್ಕಲಿ, ಮಾತು ತೊದಲ್ತಾಳೆ ಅಂದ್ಕತ್ತಾರೆ ನನ್ನ."

ಒಂದು ತಿಂಗಳಿಗೆ ಅಚ್ಚಿಗೆ ಹೋಗುವ ಮೊದಲಿನ ಪ್ರತಿ ನನ್ನ ಅಂಗಡಿಯ ಕಂಪ್ಯೂಟರಿಗೆ ಬಂತು. ದೊಡ್ಡ ಅಕ್ಷರದಲ್ಲಿ ಪ್ರಿಂಟು ತೆಗೆದುಕೊಂಡು ಗಿರಾಕಿಗಳನ್ನು ನಾಳೆ ಬನ್ನಿ ಎಂದು ಕಳಿಸಿ, ಹಾಡುಹಗಲೇ ಬಾಗಿಲು ಹಾಕಿ ಮನೆಗೆ ಓಡಿದೆ. ಅತ್ತೆ ಮಾವಿನ ಮರದ ಕೆಳಗೆ, ಆ ಬಾಗಿಲ ಪಕ್ಕ, ರಾಗಿ ಹಸನು ಮಾಡುತ್ತಿದ್ದರು. ಮೊರ ಕೆಳಗಿಟ್ಟು, ಕೈ ಒರೆಸಿಕೊಂಡು ಹಾಳೆ ಹಿಡಿದರು.

"ನನ್ನೆಸ್ರು ಯಾವ್ದು?"

ತೋರಿಸಿದೆ. ಬಹಳ ಹೊತ್ತು ನೋಡಿದರು. ಆಮೇಲೆ ಅವರ ಬೆರಳು ನಿಧಾನಕ್ಕೆ ಕೆಳಗಿಳಿದು ಒಂದು ಕಡೆ ನಿಂತಿತು, ಇನ್ನಷ್ಟು ಇಳಿದು ಮತ್ತೆ ನಿಂತಿತು.

"ಇದೇನಮ್ಮಿ, ಅಲ್ಲಲ್ಲೇ ಒಂದೇ ತರುದ್ದು ಬತ್ತಾ ಅದೆ?"

"ಅದು ಊಂ ಅತ್ತೆ."

"ಇದೂವೆ?"

"ಅದೂ ಊಂ."

ಅವರು ಹಾಳೆಯನ್ನು ಕಣ್ಣಿನ ಹತ್ತಿರ ತಂದು, ಒಂದೊಂದನ್ನೂ ಮುಟ್ಟುತ್ತಾ ಹೋದರು. "ಇದು ಆ ಕಾವಲಿನೋನು. ಇವೆಲ್ಡು ಆ ಹುಡ್ಗೀರು. ಇದು ನಿಮ್ಮ ಮೇಷ್ಟ್ರು, ತಡ ಮಾಡುದ್ನಲ್ಲ ಅದು." ಹಾಳೆ ಕೆಳಗಿಳಿಸಿ ನನ್ನ ಮುಖ ನೋಡಿದರು. "ಇಲ್ಲಿ ನಿಂದೊಂದೇ ಇಲ್ಲ. ಮನೇಲಿ ಎಲ್ಲಾ ಊಂನೂ ನೀನೇ ಅಂದಿದ್ದೆ."

 ಎರಡು ವರ್ಷ ನಾನು ಅಂದಿದ್ದನ್ನೆಲ್ಲ ನಾನೇ ಅಳಿಸಿದ್ದೆ. ಅವರು ಒಂದನ್ನೂ ಮರೆತಿರಲಿಲ್ಲ.

"ಕುಂತ್ಕೊ" ಅಂದರು. ಮೊರವನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿ, ಹಾಳೆಯನ್ನು ನಮ್ಮಿಬ್ಬರ ಮೊಣಕಾಲ ಮೇಲೆ ಹರಡಿದರು. "ಇವತ್ತು ಎಲ್ಲಾನೂ ನೀನು ಓದು. ನಂದೂವೆ ನೀನೇ ಓದು."

"ಹಳೆಯ ಮನೆ ಕೆಡವಿದ ಮೇಲೆ ಬಾಗಿಲೊಂದು ಉಳಿಯಿತು" ಎಂದು ಓದಿದೆ. "ಅದ್ನ ಮಾವಿನ ಮರಕ್ಕೆ ಒರಗಿಸುದ್ರು" ಎಂದು ಓದಿ, ಉಸಿರು ತೆಗೆದುಕೊಳ್ಳಲು ನಿಲ್ಲಿಸಿದೆ.

ರಾಗಿ ಧೂಳು ಹತ್ತಿದ ಬೆರಳು ಸಾಲಿನಲ್ಲಿ ಹುಡುಕುತ್ತಾ ಬಂದು, ಸರಿಯಾದ ಜಾಗದಲ್ಲಿ ನಿಂತಿತು. ಅತ್ತೆ ಅದನ್ನು ನೋಡಿ, ಮತ್ತೊಮ್ಮೆ ನೋಡಿ, ಓದಿದರು.

"ಊಂ."